ಅಪ್‌ಡೇಟ್: ತಣ್ಣಗಾಗದ ವೈನ್ ಕೂಲರ್‌ನ ಕಥೆ ಏನಾಯಿತು
ಸುರತ್ಕಲ್‌ನ ನಮ್ಮ ಮನೆಯ ಪುಟ್ಟ ವೈನ್ ಕೂಲರ್ 12 ಡಿಗ್ರಿಗೆ ಹೊಂದಿಸಿದರೂ 23 ಡಿಗ್ರಿಗಿಂತ ಕೆಳಗಿಳಿಯುತ್ತಿಲ್ಲ, ಗಾಜಿನ ಬಾಗಿಲಿನಿಂದ ನೀರಿಳಿಯುತ್ತಿದೆ, ಏನು ಮಾಡಲಿ ಎಂದು ಹತ್ತು ದಿನಗಳ ಹಿಂದೆ ಇಲ್ಲಿ ಕೇಳಿದ್ದೆ. ಬಾಗಿಲಿನ ರಬ್ಬರ್ ಬದಲಾಯಿಸಿದ್ದರಿಂದ ಗಾಜು ಬೆವರುವುದು ತುಸು ಕಡಿಮೆಯಾಯಿತೇ ಹೊರತು ತಂಪು ಹೆಚ್ಚಲಿಲ್ಲ. ರಿಪೇರಿಗೆ ಬಂದವರೊಬ್ಬರು ಗ್ಯಾಸ್ ತುಂಬಿಸಬೇಕೆಂದರು. ಆದರೆ ಇದು ಪೆಲ್ಟಿಯರ್ ಮಾದರಿಯದು, ಅಂದರೆ ಕರೆಂಟ್ ಹರಿದಾಗ ಒಂದು ಬದಿ ತಣ್ಣಗಾಗಿ ಇನ್ನೊಂದು ಬದಿ ಬಿಸಿಯಾಗುವ ಪುಟ್ಟ ಬಿಲ್ಲೆಯಿಂದ ತಂಪು ಮಾಡುವಂಥದ್ದು; ಇದರಲ್ಲಿ ಕಂಪ್ರೆಸರೂ ಇಲ್ಲ, ಗ್ಯಾಸೂ ಇಲ್ಲ!

ಕೊನೆಗೆ ಫಲಿಸಿದ್ದು, ಹಿಂಬದಿಯ ಫ್ಯಾನ್ ನೋಡಿ ಎಂದವರ ಸಲಹೆ. ಪ್ಲಗ್ ತೆಗೆದು ಹಿಂದಿನ ತಗಡನ್ನು ಬಿಚ್ಚಿದಾಗ, ಕಡಲ ಗಾಳಿಯ ಉಪ್ಪಿಗೆ ತುಕ್ಕು ಹಿಡಿದ ಫ್ಯಾನ್ ಹೆಚ್ಚುಕಡಿಮೆ ನಿಂತೇ ಹೋಗಿತ್ತು; ಆ ಬಿಸಿಯನ್ನು ಹೊರಹಾಕುವ ಲೋಹದ ಹೀಟ್ ಸಿಂಕಿನ ಸಂದುಗಳಲ್ಲಿ ಧೂಳು ಒದ್ದೆಯಾಗಿ ಗಟ್ಟಿಕಟ್ಟಿತ್ತು. ಅದನ್ನು ಬ್ರಷ್‌ನಿಂದ ತೆಗೆದು, ಅದೇ ಅಳತೆಯ 12 ವೋಲ್ಟ್ ಫ್ಯಾನ್ ಹಾಕಿಸಿ, ಬಿಲ್ಲೆಯಿಂದ ಹೀಟ್ ಸಿಂಕಿಗೆ ಬಿಸಿ ದಾಟಿಸುವ, ಒಣಗಿದ್ದ ಥರ್ಮಲ್ ಪೇಸ್ಟನ್ನು ಒರೆಸಿ ಹೊಸದನ್ನು ಸವರಿ, ಕೂಲರನ್ನು ಗೋಡೆಯಿಂದ ಒಂದು ಗೇಣು ಮುಂದಕ್ಕೆ ಇಟ್ಟೆವು.

ಈಗ ರಾತ್ರಿ 14, ಮಧ್ಯಾಹ್ನ 18 ಡಿಗ್ರಿ ತೋರಿಸುತ್ತಿದೆ. ಇಂಥ ಕೂಲರ್‌ಗಳು ಒಳಗಿನ ಉಷ್ಣತೆಯನ್ನು ಕೋಣೆಯ ಉಷ್ಣತೆಗಿಂತ ಸುಮಾರು 15 ಡಿಗ್ರಿಯಷ್ಟು ಮಾತ್ರ ಇಳಿಸಬಲ್ಲವು ಎಂಬುದು ನನಗೆ ತಿಳಿದಿರಲಿಲ್ಲ. ಹಾಗಾಗಿ ನಮ್ಮೂರಿನ ಮೇ ತಿಂಗಳ ಸೆಕೆಯಲ್ಲಿ 12 ಡಿಗ್ರಿ ಬಯಸಿದ್ದು ನನ್ನದೇ ದುರಾಸೆ. ಬಾಗಿಲಿನ ಗಾಜು ಈಗಲೂ ಬೆವರುತ್ತದೆ, ಕೆಳಗೊಂದು ಬಟ್ಟೆ ಹಾಸಿದ್ದೇನೆ.