‘ಲೈಟ್ ಕ್ರೂಸರ್’ ಹಗುರವೋ ಸಣ್ಣದೋ? (ಎಮ್ಡನ್ ಹಡಗಿನ ಪದಗಳು)

ಪ್ರಶ್ನೆ:
1914ರಲ್ಲಿ ಮದ್ರಾಸಿನ ಮೇಲೆ ಗುಂಡು ಹಾರಿಸಿದ ಜರ್ಮನ್ ಹಡಗನ್ನು ಇಂಗ್ಲಿಷ್ ಬರಹಗಳು ‘ಲೈಟ್ ಕ್ರೂಸರ್’ ಎನ್ನುತ್ತವೆ. ಕನ್ನಡದಲ್ಲಿ ‘ಹಗುರ ಯುದ್ಧನೌಕೆ’ ಎಂದರೆ ಸಾಕೇ, ‘ಲಘು ಸಮರನೌಕೆ’ ಎನ್ನಬೇಕೇ? ‘ಡಿಸ್‌ಪ್ಲೇಸ್‌ಮೆಂಟ್’, ತೋಪಿನ ಮುಂದೆ ಬರುವ ‘ಎಲ್/40’ ಇವಕ್ಕೇನು ಬರೆಯುವುದು? ಹೆಸರು ಎಂಡನ್ನೋ ಎಮ್ಡನ್ನೋ?

ಉತ್ತರ 1:
ಹೆಸರಿನಿಂದಲೇ ಶುರು ಮಾಡೋಣ ಸಾರ್. ಕನ್ನಡದಲ್ಲಿ ಡಕಾರದ ಹಿಂದಿನ ಸೊನ್ನೆಯನ್ನು ನಾವು ‘ಣ್’ ಎಂದೇ ಓದುತ್ತೇವೆ. ದಂಡ, ಗುಂಡು, ಮಂಡಿ ನೋಡಿ. ಹಾಗಾಗಿ ‘ಎಂಡನ್’ ಎಂದು ಬರೆದರೆ ಮಕಾರವೇ ಹೋಗುತ್ತದೆ. ಮೇಲಾಗಿ ಹಳೇ ಮೈಸೂರಿನವರಿಗೆ ಎಂಡ ಎಂದರೆ ಬೇರೆಯೇ ನೆನಪಾದೀತು. ‘ಎಮ್ಡನ್’ ಎಂದೇ ಬರೆಯಿರಿ.

‘ಹಗುರ’ ಬೇಡ. ಈ ಹಡಗಿಗೆ ಜರ್ಮನ್ ನೌಕಾಪಡೆ ಇಟ್ಟಿದ್ದ ವರ್ಗದ ಹೆಸರು ‘ಕ್ಲೈನರ್ ಕ್ರೊಯ್ತ್ಸರ್’, ಅಂದರೆ ಸಣ್ಣ ಕ್ರೂಸರ್. ಅಲ್ಲಿ ಭಾರದ ಮಾತಿಲ್ಲ, ದೊಡ್ಡದು–ಸಣ್ಣದು ಅಷ್ಟೇ. ಇಂಗ್ಲಿಷಿನ ‘ಲೈಟ್’ ಮೊದಲು ಬ್ರಿಟಿಷರಲ್ಲಿ ತೆಳು ಕವಚಕ್ಕೆ ಅಂಟಿದ ಮಾತು. ಮುಂದೆ 1930ರ ಲಂಡನ್ ನೌಕಾ ಒಪ್ಪಂದದಲ್ಲಿ ಅದರ ಅರ್ಥ ತೋಪಿಗೆ ಜಾರಿತು: ತೋಪಿನ ಬಾಯಿ 155 ಮಿ.ಮೀ. ಮೀರದ ಕ್ರೂಸರ್ ‘ಲೈಟ್’, ಮೀರಿದ್ದು ‘ಹೆವಿ’. ಒಂದೇ ಪದ, ಕಾಲಕ್ಕೊಂದು ಅರ್ಥ. ‘ಹಗುರ’ ಎಂದ ಕೂಡಲೇ ಓದುಗ ತಕ್ಕಡಿ ಹಿಡಿಯುತ್ತಾನೆ.

ಇದರಿಂದ ಆಗುವ ತೊಂದರೆಗೆ ಉದಾಹರಣೆ ಎಮ್ಡನ್ನಿನ ಕಡೆಯ ಕಾಳಗವೇ. 1914ರ ನವೆಂಬರ್ 9ರಂದು ಕೋಕೋಸ್ ದ್ವೀಪಗಳ ಬಳಿ ಅದನ್ನು ಹೊಡೆದು ಕೆಡವಿದ ಆಸ್ಟ್ರೇಲಿಯಾದ ‘ಸಿಡ್ನಿ’ಯೂ ಇಂಗ್ಲಿಷಿನಲ್ಲಿ ‘ಲೈಟ್ ಕ್ರೂಸರ್’. ಎರಡಕ್ಕೂ ‘ಹಗುರ ಯುದ್ಧನೌಕೆ’ ಎಂದು ಬರೆದರೆ ಸರಿಸಮಾನರ ಹೊಡೆದಾಟ ಎನಿಸುತ್ತದೆ. ಎಮ್ಡನ್ 3,664 ಟನ್, ಸಿಡ್ನಿ ಸುಮಾರು 5,400 ಟನ್. ಎಮ್ಡನ್ನಿನಲ್ಲಿ 10.5 ಸೆಂ.ಮೀ. ತೋಪು ಹತ್ತು, ಒಂದು ಗುಂಡು 17 ಕೆ.ಜಿ. ಚಿಲ್ಲರೆ. ಸಿಡ್ನಿಯಲ್ಲಿ 152 ಮಿ.ಮೀ. ತೋಪು ಎಂಟೇ, ಆದರೆ ಗುಂಡಿನ ತೂಕ 45 ಕೆ.ಜಿ. ಎಮ್ಡನ್ನಿಗೆ ಪಕ್ಕದ ಕವಚವೇ ಇರಲಿಲ್ಲ; ಒಡಲನ್ನು ಕಾಯುತ್ತಿದ್ದದ್ದು ಒಳಗಿನ ಕವಚದ ಡೆಕ್ ಮಾತ್ರ, ಅದೂ ಹೆಚ್ಚೆಂದರೆ 80 ಮಿ.ಮೀ. ಮೊದಲು ಗುರಿ ತಗುಲಿಸಿದ್ದು ಎಮ್ಡನ್ನೇ. ಆಮೇಲೆ ಸಿಡ್ನಿ ದೂರ ಸರಿದು ಭಾರದ ಗುಂಡು ಸುರಿಯಿತು, ಎಮ್ಡನ್ ಉತ್ತರ ಕೀಲಿಂಗ್ ದ್ವೀಪದ ಹವಳದ ದಿಬ್ಬಕ್ಕೆ ಏರಬೇಕಾಯಿತು. ‘ಸಣ್ಣ ಕ್ರೂಸರ್’ ಎಂದಿದ್ದರೆ ಈ ಅಂತರದ ಅರ್ಧ ಪದದಲ್ಲೇ ಗೊತ್ತಾಗುತ್ತಿತ್ತು.

‘ಯುದ್ಧನೌಕೆ’ಯೂ ಒಗ್ಗದು. ಪತ್ರಿಕೆಗಳಲ್ಲಿ ದೈತ್ಯ ಬ್ಯಾಟಲ್‌ಶಿಪ್, ನಡುಗಾತ್ರದ ಕ್ರೂಸರ್, ಚಿಕ್ಕ ಡೆಸ್ಟ್ರಾಯರ್ ಮೂರಕ್ಕೂ ಅದೇ ಒಂದು ಪದ. ‘ಕ್ರೂಸರ್’ ಎಂದೇ ಬಿಡಿ.

‘ಡಿಸ್‌ಪ್ಲೇಸ್‌ಮೆಂಟ್’ಗೆ ಭೌತಶಾಸ್ತ್ರದ ಪುಸ್ತಕದಿಂದ ‘ಸ್ಥಾನಪಲ್ಲಟ’ ತಂದರೆ ಹಡಗು ಅತ್ತಿತ್ತ ಸರಿದಂತಾಗುತ್ತದೆ. ಹಡಗು ಪಕ್ಕಕ್ಕೆ ತಳ್ಳಿದ ನೀರಿನ ತೂಕ ಹಡಗಿನ ತೂಕವೇ ಆದ್ದರಿಂದ ‘ತೂಕ’ ಎಂದರೆ ಸಾಕು. ಯಾವ ಸ್ಥಿತಿಯ ತೂಕ ಎಂಬುದನ್ನು ಮಾತ್ರ ಹೇಳಿ: ವಿನ್ಯಾಸದ ತೂಕ 3,664 ಟನ್, ಕಲ್ಲಿದ್ದಲು, ಗುಂಡು, ನೀರು ಎಲ್ಲ ತುಂಬಿದ ಮೇಲೆ 4,268.

‘ಎಲ್/40’ ಎಂದರೆ ತೋಪಿನ ಉದ್ದ ಅದರ ಬಾಯಿಯ ಅಗಲದ 40 ಪಟ್ಟು. 10.5 ಸೆಂ.ಮೀ. ಗುಣಿಸು 40, ಅಂದರೆ 4.2 ಮೀಟರ್. ‘40 ಕ್ಯಾಲಿಬರಿನ ತೋಪು’ ಎಂದು ಬರೆದರೆ ಬಾಯಿಯ ಅಳತೆಯೇ 40 ಎಂದು ತಿಳಿಯುವವರಿದ್ದಾರೆ.

ವೇಗದಲ್ಲಿ ‘ಗಂಟೆಗೆ 23.5 ನಾಟ್’ ಎಂಬುದು ಪದೇ ಪದೇ ಕಾಣುವ ತಪ್ಪು. ನಾಟ್ ಎಂದರೇ ಗಂಟೆಗೆ ಒಂದು ನಾಟಿಕಲ್ ಮೈಲಿ. ‘23.5 ನಾಟ್’ ಸಾಕು, ಅಂದರೆ ಗಂಟೆಗೆ ಸುಮಾರು 43.5 ಕಿ.ಮೀ. ‘ನೀರಿಗಿಳಿದದ್ದು’ ಮತ್ತು ‘ಸೇವೆಗೆ ಸೇರಿದ್ದು’ ಕೂಡ ಬೇರೆ ಬೇರೆ: ಡಾನ್ಜಿಗ್‌ನಲ್ಲಿ ಎಮ್ಡನ್ ನೀರಿಗಿಳಿದದ್ದು 1908ರ ಮೇ 26, ಸೇವೆಗೆ ಸೇರಿದ್ದು 1909ರ ಜುಲೈ 10.

ಉತ್ತರ 2:
‘ಸಣ್ಣ’ ಒಪ್ಪಿದೆ, ‘ಕಿರು’ ಎಂದರೆ ಆಟಿಕೆಯಂತೆ ಕೇಳುತ್ತದೆ. ಇನ್ನೊಂದು ಪದ: ಪೆನಾಂಗ್ ಬಂದರಿಗೆ ನುಗ್ಗಿ ರಷ್ಯಾದ ‘ಝೆಮ್‌ಚುಗ್’ ಹಡಗನ್ನು ಮುಳುಗಿಸಿದಾಗ (ಅಕ್ಟೋಬರ್ 28) ಮೂರು ಫನಲ್‌ಗಳ ಎಮ್ಡನ್ ನಾಲ್ಕನೆಯದೊಂದು ಸುಳ್ಳು ಫನಲ್ ಕಟ್ಟಿಕೊಂಡಿತ್ತು, ಬ್ರಿಟಿಷ್ ಕ್ರೂಸರಿನಂತೆ ಕಾಣಲಿ ಎಂದು. ಇದಕ್ಕೆ ‘ಚಿಮಣಿ’ ಎಂದು ಬರೆಯಬೇಡಿ, ‘ಹೊಗೆಕೊಳವೆ’ ಎನ್ನಿ. ಉತ್ತರ ಕರ್ನಾಟಕದಲ್ಲಿ ಚಿಮಣಿ ಎಂದರೆ ಬುಡ್ಡಿದೀಪ, ಚಿಮಣಿ ಎಣ್ಣೆ ಎಂದರೆ ಸೀಮೆಎಣ್ಣೆ. ಸೆಪ್ಟೆಂಬರ್ 22ರ ರಾತ್ರಿ ಮದ್ರಾಸಿನಲ್ಲಿ ಎಮ್ಡನ್ ಸುಟ್ಟದ್ದು ಬರ್ಮಾ ಆಯಿಲ್ ಕಂಪನಿಯ ಎಣ್ಣೆ ಟ್ಯಾಂಕುಗಳನ್ನು. ಹಡಗಿನ ಚಿಮಣಿ, ಟ್ಯಾಂಕಿನ ಚಿಮಣಿ ಎಣ್ಣೆ ಒಂದೇ ಪ್ಯಾರಾದಲ್ಲಿ ಬಂದರೆ ಧಾರವಾಡದ ಓದುಗರು ತಡವರಿಸುತ್ತಾರೆ.

ಹೆಸರಿನ ಮುಂದಿನ ‘ಎಸ್‌ಎಂಎಸ್’ ಬಿಟ್ಟುಬಿಡಿ. ಅದು ‘ಚಕ್ರವರ್ತಿಯವರ ಹಡಗು’ ಎಂಬುದರ ಜರ್ಮನ್ ಮೊದಲಕ್ಷರಗಳು, ಈಗಿನವರು ಮೊಬೈಲ್ ಸಂದೇಶ ಎಂದುಕೊಳ್ಳುತ್ತಾರೆ. ಬೇಕೇ ಬೇಕೆಂದರೆ ಮೊದಲ ಸಲ ಮಾತ್ರ ಬಿಡಿಸಿ ಬರೆಯಿರಿ.