‘ಖಾನೇಟ್’ ಪದದ ಬಾಲ ಎಲ್ಲಿಯದು?

ಪ್ರಶ್ನೆ: ಮಗಳ ಇತಿಹಾಸದ ನಕ್ಷೆಯಲ್ಲಿ ಮಧ್ಯ ಏಷ್ಯಾದ ಒಂದು ನಾಡಿಗೆ ‘ಖೀವಾ ಖಾನೇಟ್’ ಎಂದಿದೆ. ಖಾನ್ ಗೊತ್ತು, ಕೊನೆಯ ‘ಏಟ್’ ಯಾರು ಕೊಟ್ಟದ್ದು?

ಉತ್ತರ: ಇಂಗ್ಲಿಷಿನವರು ಕೊಟ್ಟದ್ದು, ಲ್ಯಾಟಿನ್ ಮೂಲದ ಪ್ರತ್ಯಯ. ಸುಲ್ತಾನೇಟ್, ಎಮಿರೇಟ್‌ಗಳಲ್ಲಿರುವುದೂ ಅದೇ. ಖಾನ್ ಮಾತ್ರ ತುರ್ಕಿ-ಮಂಗೋಲರ ಅರಸು ಬಿರುದು. ಖಾನನ ಆಡಳಿತದ ನಾಡೇ ಖಾನೇಟ್. ಉಜ್ಬೆಕ್ ಭಾಷೆಯಲ್ಲಿ ‘ಖೋನ್‌ಲಿಕ್’. ನನ್ನ ಕಿವಿಗೆ ಅದೇ ಚೆಂದ.

ಇನ್ನೊಬ್ಬರು: ಹಾಗಾದರೆ ಪಕ್ಕದ ಬುಖಾರಾ ಎಮಿರೇಟ್ ಏಕೆ?

ಉತ್ತರ: ಅದೂ ಮೊದಲು ಖಾನೇಟೇ. ಖಾನ್ ಬಿರುದು ಚಂಗೀಜ್ ಖಾನನ ಗಂಡುವಂಶಕ್ಕೇ ಮೀಸಲು ಎಂಬ ರೂಢಿಯಿತ್ತು. 1785ರಲ್ಲಿ ಪಟ್ಟಕ್ಕೆ ಬಂದ ಶಾ ಮುರಾದ್ ಆ ವಂಶದವನಲ್ಲ, ಹಾಗಾಗಿ ಅಮೀರ್ ಎನಿಸಿಕೊಂಡ; ಅಮೀರನ ನಾಡು ಎಮಿರೇಟ್. ಖೀವಾ ಆಳಿದ ಕುಂಗ್ರಾತ್ ಮನೆತನದವರೂ ಆ ವಂಶದವರಲ್ಲ, ಆದರೆ 1804ರಲ್ಲಿ ಯಾವ ಮುಲಾಜೂ ಇಲ್ಲದೆ ಖಾನರಾದರು!

ಪ್ರಶ್ನೆ ಕೇಳಿದವರು: ಧನ್ಯವಾದ. ಮಗಳ ಮುಂದಿನ ಪ್ರಶ್ನೆ ಕ್ರಿಮಿಯಾ ಖಾನೇಟ್ ಬಗ್ಗೆಯಂತೆ.

ಉತ್ತರ: 1783ರಲ್ಲಿ ರಷ್ಯಾ ನುಂಗಿತು ಎಂದು ಹೇಳಿಬಿಡಿ.