ಸಹಾಯ ಬೇಕು: ಬೀರಿಗೆ ಗಾಳಿ ಸೋಕಿಸ್ದೆ ಡ್ರೈ ಹಾಪ್ (ಘಮಕ್ಕೆ ಅಂತ ಬೀರಿಗೆ ಹಾಪ್ ಹೂವು ಹಾಕೋದು) ಮಾಡೋದು ಹೆಂಗೆ?

ಎಲ್ರಿಗೂ ನಮಸ್ಕಾರ, ಚಿಕ್ಕಬಳ್ಳಾಪುರದಿಂದ ಬರೀತಿದೀನಿ. ಮನೇಲಿ 20 ಲೀಟರ್ ಹೇಝಿ ಐಪಿಎ (ಹಾಪ್ ಘಮ ಜಾಸ್ತಿ ಇರೋ ಮಬ್ಬು ಬೀರು) ಹುದುಗ್ತಾ ಇದೆ, ಗ್ರಾವಿಟಿ (ಸಕ್ಕರೆ ಕರಗ್ತಾ ಹೋದಂಗೆ ಇಳಿಯೋ ಸಾಂದ್ರತೆ) 1.018ಕ್ಕೆ ಇಳಿದಿದೆ, ಏರ್‌ಲಾಕ್ (ಗ್ಯಾಸ್ ಹೊರಗೆ ಬಿಡೋ ಮುಚ್ಚಳದ ಕೊಳವೆ) ಇನ್ನೂ ಮೆಲ್ಲಗೆ ಗುಳುಗುಳು ಅಂತಿದೆ, 100 ಗ್ರಾಂ ಸಿಟ್ರಾ ಅನ್ನೋ ಹಾಪ್ ತಳಿಯ ಪೆಲೆಟ್ (ಗುಳಿಗೆ) ಹಾಕ್ಬೇಕು ಆದ್ರೆ ಮುಚ್ಚಳ ತೆಗೆದ್ರೆ ಆಕ್ಸಿಜನ್ ಒಳಗೆ ಹೋಗುತ್ತಲ್ಲಾ, ಆಮೇಲೆ ಆ ಹೊಂಬಣ್ಣ ಕಂದಾಗಿ ಹಾಪ್ ಘಮ ಹೋಗಿ ಒದ್ದೆ ರಟ್ಟಿನ ವಾಸನೆ ಬರುತ್ತೆ. ಯೀಸ್ಟ್ ಕೆಲ್ಸ ಮಾಡ್ತಿರೋವಾಗ್ಲೇ ಹಾಕಿದ್ರೆ ಒಳಗೆ ಬಂದ ಆಕ್ಸಿಜನ್ನ ಅದೇ ಎಳ್ಕೊಳ್ಳುತ್ತೆ ಅಂತಾರೆ, ನಂಗೂ ಅದೇ ಸರಿ ಅನ್ಸುತ್ತೆ, ಈಗ್ಲೇ ಹಾಕ್ಲಾ?

ಮುಂದಿನ ಬ್ಯಾಚ್‌ಗೆ ಆಯಸ್ಕಾಂತದ ಉಪಾಯ ಮಾಡೋಣ ಅಂತ, ಹಾಪ್ ಚೀಲದೊಳಗೆ ಒಂದು, ಫರ್ಮೆಂಟರ್ (ಹುದುಗೋ ಪಾತ್ರೆ) ಹೊರಗಡೆ ಇನ್ನೊಂದು, ಹೊರಗಿಂದು ತೆಗೆದ್ರೆ ಚೀಲ ಬೀರೊಳಗೆ ಬೀಳುತ್ತೆ. ಒಳಗಿನ ಆಯಸ್ಕಾಂತ ಬೀರಿಗೆ ತಾಗ್ದಂಗೆ ಏನು ಸುತ್ತಬೇಕು? ಮಾಡಿರೋರು ದಯವಿಟ್ಟು ಬೇಗ ಹೇಳಿ, ಹುದುಗೋದು ನಿಂತ್‌ಬಿಟ್ರೆ ಕಷ್ಟ.